ಹಿಮದ ನಾಡಿನಿಂದ ಕಾಕನಕೋಟೆಯ ಕಾಡಿಗೆ: ರಾಬರ್ಟ್ ಫ್ಲಾಹರ್ಟಿ

ಮೈಸೂರು ಅರಮನೆಯ ಆನೆಲಾಯದಲ್ಲಿ ಬೆಳೆಯುತ್ತಿದ್ದ ಹನ್ನೊಂದರ ಹರೆಯದ ಅನಾಥ ಬಾಲಕ ಸಾಬುವನ್ನು ಜಗತ್ತಿನ ಬೆಳ್ಳಿತೆರೆಗೆ ಪರಿಚಯಿಸಿದ ಚಿತ್ರ 'ಎಲಿಫೆಂಟ್ ಬಾಯ್'. ಈ ಸಂಗತಿ ಕನ್ನಡ ನಾಡಿನ ಹಲವರಿಗೆ ತಿಳಿದಿದೆ. ಆದರೆ ಆ ಚಿತ್ರಕ್ಕಾಗಿ 1935ರಲ್ಲಿ ಮೈಸೂರಿಗೆ ಬಂದಿಳಿದ ನಿರ್ದೇಶಕ ಅದಕ್ಕೆ ಹದಿನೈದು ವರ್ಷಗಳ ಹಿಂದೆ ಉತ್ತರ ಧ್ರುವ ಪ್ರದೇಶದ ಅಂಚಿನಲ್ಲಿ, ಕೊರೆಯುವ ಹಿಮದ ನಡುವೆ ಕ್ಯಾಮೆರಾದ ಹಿಡಿ ತಿರುಗಿಸುತ್ತಾ ಒಂದು ವರ್ಷ ಕಳೆದಿದ್ದ ಸಾಹಸಿ ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಆತನೇ ರಾಬರ್ಟ್ ಜೋಸೆಫ್ ಫ್ಲಾಹರ್ಟಿ. ಸಾಕ್ಷ್ಯಚಿತ್ರದ ಪಿತಾಮಹರೆಂದು ಚಲನಚಿತ್ರ ಇತಿಹಾಸಕಾರರು ಗೌರವಿಸುವ, ಅಷ್ಟೇ ತೀವ್ರವಾಗಿ ಪ್ರಶ್ನಿಸುವ ಹೆಸರು ಅದು.

ಹಿಮದ ಮೇಲೆ ಓಡುವ ನಾಯಿಬಂಡಿ, ಅಲೆಗಳ ನಡುವಿನ ವಾಲ್ರಸ್ ಬೇಟೆ, ಮಂಜುಗಡ್ಡೆಯ ಬಿಲದಲ್ಲಿ ಸೀಲ್ ಪ್ರಾಣಿಯೊಡನೆ ಹಗ್ಗಜಗ್ಗಾಟ - ಇಂತಹ ದೃಶ್ಯಗಳನ್ನು ಇಂದು ಮೊಬೈಲ್ ಫೋನ್ ಹಿಡಿದ ಪ್ರವಾಸಿಯೂ ಚಿತ್ರಿಸಬಲ್ಲ. ಅಂದು ಅದು ಪ್ರಾಣವನ್ನೇ ಪಣಕ್ಕಿಡುವ ಕಾಯಕವಾಗಿತ್ತು. ಫ್ಲಾಹರ್ಟಿ ಅದನ್ನು ಮಾಡಿ ತೋರಿಸಿದರು. ಆದರೆ ತಾವು ಕಂಡದ್ದನ್ನು ಚಿತ್ರಿಸಿದರೋ, ಕಾಣಬೇಕೆಂದು ಬಯಸಿದ್ದನ್ನು ಚಿತ್ರಿಸಿದರೋ ಎಂಬ ಪ್ರಶ್ನೆ ಅವರ ಬದುಕಿನುದ್ದಕ್ಕೂ ಹಿಂಬಾಲಿಸಿತು. ನಿಧನದ ನಂತರವೂ ಅದು ನಿಂತಿಲ್ಲ.

ಗಣಿಗಾರನ ಮಗ

ಫ್ಲಾಹರ್ಟಿ ಜನಿಸಿದ್ದು 1884ರ ಫೆಬ್ರವರಿ 16ರಂದು, ಅಮೆರಿಕದ ಮಿಷಿಗನ್ ರಾಜ್ಯದ ಐರನ್ ಮೌಂಟನ್ ಎಂಬ ಗಣಿ ಪಟ್ಟಣದಲ್ಲಿ. ಏಳು ಮಕ್ಕಳಲ್ಲಿ ಹಿರಿಯವರು. ತಂದೆ ಕಬ್ಬಿಣದ ಅದಿರಿನ ಗಣಿಗಳಲ್ಲಿ ಕೆಲಸ ಮಾಡುತ್ತಿದ್ದ ಎಂಜಿನಿಯರ್. ಗಣಿಗಳು ಸೊರಗಿದಾಗ ಹೊಸ ಅದಿರನ್ನು ಅರಸುತ್ತಾ ತಂದೆ ಕೆನಡಾದ ಕಾಡುಗಳಿಗೆ ಹೊರಟರೆ, ಮಗನೂ ಜೊತೆಯಲ್ಲಿರುತ್ತಿದ್ದ. ಶಾಲೆಯ ಪಾಠಕ್ಕಿಂತ ದೋಣಿ, ಡೇರೆ, ಆದಿವಾಸಿಗಳ ಒಡನಾಟವೇ ಆತನಿಗೆ ಹೆಚ್ಚು ರುಚಿಸಿತು. ಟೊರೊಂಟೊದ ಅಪ್ಪರ್ ಕೆನಡಾ ಕಾಲೇಜಿನ ವ್ಯಾಸಂಗದ ಬಳಿಕ ಮಿಷಿಗನ್ ಗಣಿಗಾರಿಕಾ ಕಾಲೇಜಿಗೆ ಸೇರಿದರೂ ಅಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ. ಆ ದಿನಗಳಲ್ಲಿ ದೊರೆತ ದೊಡ್ಡ ಲಾಭವೆಂದರೆ ಭೂವಿಜ್ಞಾನಿಯೊಬ್ಬರ ಪುತ್ರಿ ಫ್ರಾನ್ಸಿಸ್ ಹಬ್ಬರ್ಡ್ ಅವರ ಪರಿಚಯ. 1914ರಲ್ಲಿ ಇಬ್ಬರೂ ವಿವಾಹವಾದರು. ಮುಂದೆ ಪತಿಯ ಪ್ರತಿಯೊಂದು ದೊಡ್ಡ ಚಿತ್ರದ ಹಿಂದೆಯೂ ಫ್ರಾನ್ಸಿಸ್ ಅವರ ಚಿಂತನೆ ಮತ್ತು ದುಡಿಮೆ ಇತ್ತು.

1910ರಲ್ಲಿ ಕೆನಡಾದ ರೈಲ್ವೆ ಉದ್ಯಮಿ ಸರ್ ವಿಲಿಯಂ ಮೆಕೆಂಜಿ ಹಡ್ಸನ್ ಕೊಲ್ಲಿಯ ದ್ವೀಪಗಳಲ್ಲಿ ಕಬ್ಬಿಣದ ಅದಿರು ಇದೆಯೇ ಎಂದು ಪರೀಕ್ಷಿಸಲು ಇಪ್ಪತ್ತಾರರ ಈ ತರುಣನನ್ನು ಕಳುಹಿಸಿದರು. 1916ರವರೆಗೆ ಇಂತಹ ನಾಲ್ಕು ಯಾತ್ರೆಗಳು ನಡೆದವು. ಲಾಭದಾಯಕ ಅದಿರು ದೊರೆಯಲಿಲ್ಲ. ಆದರೆ ನಕ್ಷೆಗಳಲ್ಲಿ ಸರಿಯಾಗಿ ಗುರುತಾಗದಿದ್ದ ಬೆಲ್ಚರ್ ದ್ವೀಪಸಮೂಹದ ಆಕಾರ, ವಿಸ್ತಾರಗಳನ್ನು ಅವರು ಜಗತ್ತಿಗೆ ತಿಳಿಸಿದರು. ಆ ಸಮೂಹದ ಅತಿ ದೊಡ್ಡ ದ್ವೀಪಕ್ಕೆ ಇಂದಿಗೂ ಫ್ಲಾಹರ್ಟಿ ದ್ವೀಪವೆಂದೇ ಹೆಸರು. ಈ ಯಾತ್ರೆಗಳಲ್ಲಿ ಅವರ ಬದುಕು ಇನುಯಿಟ್ ಜನರನ್ನೇ ಅವಲಂಬಿಸಿತ್ತು. ಆಗ ಹೊರಜಗತ್ತು ಎಸ್ಕಿಮೊಗಳೆಂದು ಕರೆಯುತ್ತಿದ್ದುದು ಇವರನ್ನೇ. ದಾರಿ ತೋರಿದವರು, ಬಂಡಿ ನಡೆಸಿದವರು, ಬೇಟೆಯಾಡಿ ಊಟ ಕೊಟ್ಟವರು ಅವರೇ.

ಸಿಗರೇಟಿನ ಕಿಡಿ

1913ರ ಮೂರನೆಯ ಯಾತ್ರೆಗೆ ಸಿದ್ಧತೆ ನಡೆದಿದ್ದಾಗ, ಚಲನಚಿತ್ರ ಕ್ಯಾಮೆರಾ ಒಂದನ್ನೂ ಜೊತೆಗೆ ಒಯ್ಯುವಂತೆ ಮೆಕೆಂಜಿ ಸೂಚಿಸಿದರು. ಫ್ಲಾಹರ್ಟಿ ಅದುವರೆಗೆ ಅಂತಹ ಯಂತ್ರವನ್ನು ಮುಟ್ಟಿದವರಲ್ಲ. ಕೊಡಕ್ ಸಂಸ್ಥೆಯ ತವರಾದ ರೋಚೆಸ್ಟರ್ ನಗರಕ್ಕೆ ತೆರಳಿ ಮೂರು ವಾರಗಳ ತರಬೇತಿ ಪಡೆದರು. ಬೆಲ್ ಅಂಡ್ ಹೊವೆಲ್ ಕ್ಯಾಮೆರಾ ಒಂದನ್ನು ಕೊಂಡರು. ಹಿಮದ ನಾಡಿನ ಬದುಕನ್ನು ತಮಗೆ ತೋಚಿದಂತೆ ಚಿತ್ರಿಸತೊಡಗಿದರು.

ಹೀಗೆ ಕೂಡಿಟ್ಟ ಸುಮಾರು 30,000 ಅಡಿ ನೆಗೆಟಿವ್ 1916ರಲ್ಲಿ ಟೊರೊಂಟೊದಲ್ಲಿ ಕ್ಷಣಾರ್ಧದಲ್ಲಿ ಭಸ್ಮವಾಯಿತು. ಅವರ ಕೈಯಿಂದ ಜಾರಿದ ಸಿಗರೇಟಿನ ಕಿಡಿಯೇ ಅದಕ್ಕೆ ಕಾರಣ. ಅಂದಿನ ಫಿಲಂ ನೈಟ್ರೇಟ್‌ನಿಂದ ತಯಾರಾದದ್ದು. ಅದು ಹೊತ್ತಿಕೊಂಡರೆ ನಂದಿಸುವುದು ಅಸಾಧ್ಯವೆಂಬಷ್ಟು ಕಷ್ಟ. ಬೆಂಕಿಯೊಡನೆ ಸೆಣಸಿದ ಫ್ಲಾಹರ್ಟಿ ಸುಟ್ಟ ಗಾಯಗಳೊಂದಿಗೆ ಆಸ್ಪತ್ರೆ ಸೇರಬೇಕಾಯಿತು.

ಪ್ರದರ್ಶನ ಪ್ರತಿಯೊಂದು ಮಾತ್ರ ಉಳಿದಿತ್ತು. ಅದನ್ನು ಅಲ್ಲಲ್ಲಿ ತೋರಿಸಿದಾಗ ಫ್ಲಾಹರ್ಟಿ ಅವರಿಗೇ ಬೇಸರವಾಯಿತು. ಒಂದು ದೃಶ್ಯಕ್ಕೂ ಮತ್ತೊಂದಕ್ಕೂ ಸಂಬಂಧವಿರಲಿಲ್ಲ. ಪ್ರವಾಸಿಯ ಕಣ್ಣಿಗೆ ಬಿದ್ದ ವಿಚಿತ್ರಗಳ ಸರಮಾಲೆಯಷ್ಟೇ ಅಲ್ಲಿತ್ತು. ಒಂದು ಕುಟುಂಬವನ್ನು, ಅದರ ಯಜಮಾನನನ್ನು ಕೇಂದ್ರವಾಗಿಟ್ಟುಕೊಂಡು, ಹಸಿವಿನೊಂದಿಗೆ ಅವರು ನಡೆಸುವ ನಿತ್ಯದ ಹೋರಾಟವನ್ನೇ ಕಥೆಯಾಗಿಸಿದರೆ ಹೇಗೆ ಎಂಬ ಯೋಚನೆ ಹುಟ್ಟಿದ್ದು ಈ ಅತೃಪ್ತಿಯಿಂದಲೇ. ಕಳೆದುಹೋದ ಚಿತ್ರಕ್ಕಿಂತ ಅದು ಕಲಿಸಿದ ಪಾಠ ದೊಡ್ಡದಾಯಿತು.

ಆದರೆ ಹಣ ಹೂಡುವವರು ಯಾರು? ಯುದ್ಧದ ವರ್ಷಗಳು ಕಳೆದವು. ಕೊನೆಗೆ ತುಪ್ಪುಳು ಚರ್ಮದ ವ್ಯಾಪಾರ ನಡೆಸುತ್ತಿದ್ದ ಫ್ರಾನ್ಸಿನ ರೆವಿಯೋ ಫ್ರೇರ್ ಕಂಪನಿ ಮುಂದೆ ಬಂದಿತು. ಹಡ್ಸನ್ ಕೊಲ್ಲಿಯ ಪೂರ್ವ ತೀರದ ಪೋರ್ಟ್ ಹ್ಯಾರಿಸನ್‌ನಲ್ಲಿ, ಅಂದರೆ ಇಂದಿನ ಇನುಕ್ಜುವಾಕ್‌ನಲ್ಲಿ, ಅದರ ವ್ಯಾಪಾರ ಕೇಂದ್ರವೊಂದಿತ್ತು. 1920ರ ಬೇಸಿಗೆಯಲ್ಲಿ ಫ್ಲಾಹರ್ಟಿ ಅಲ್ಲಿಗೆ ಹೊರಟರು.

ಹಿಮದಲ್ಲಿ ಕ್ಯಾಮೆರಾ

ಹಗುರವಾದ ಸಣ್ಣ ಅಳತೆಯ ಫಿಲಂ ಕ್ಯಾಮೆರಾಗಳು ಅಂದು ಇನ್ನೂ ಬಂದಿರಲಿಲ್ಲ. ಕೊಡಕ್ ಸಂಸ್ಥೆ 16 ಮಿ.ಮೀ. ಫಿಲಂ ಅನ್ನು ಮಾರುಕಟ್ಟೆಗೆ ತಂದದ್ದು 1923ರಲ್ಲಿ. ಮನೆಮಂದಿಯ ಕೈಗೂ ಎಟುಕಿದ 8 ಮಿ.ಮೀ. ಬಂದದ್ದು 1932ರಲ್ಲಿ. ಆದ್ದರಿಂದ ಫ್ಲಾಹರ್ಟಿ ಒಯ್ದದ್ದು 35 ಮಿ.ಮೀ. ಫಿಲಂ ಬಳಸುವ ಎರಡು ಏಕ್ಲಿ ಕ್ಯಾಮೆರಾಗಳನ್ನು. ಸತ್ತ ಪ್ರಾಣಿಗಳಿಗೆ ಜೀವಂತಿಕೆಯ ರೂಪ ಕೊಡುವ ಕಲೆಯಲ್ಲಿ ನಿಷ್ಣಾತರಾದ ಕಾರ್ಲ್ ಏಕ್ಲಿ ಕಾಡುಮೃಗಗಳ ಚಿತ್ರೀಕರಣಕ್ಕೆಂದೇ ರೂಪಿಸಿದ ಯಂತ್ರವದು.

ಈ ಆಯ್ಕೆಯ ಹಿಂದೆ ಗಟ್ಟಿಯಾದ ಕಾರಣಗಳಿದ್ದವು. ಮೊದಲನೆಯದು ಎಣ್ಣೆ. ಸಾಮಾನ್ಯ ಕ್ಯಾಮೆರಾದ ಹಲ್ಲುಚಕ್ರಗಳಿಗೆ ಹಾಕಿದ ಎಣ್ಣೆ ತೀವ್ರ ಚಳಿಯಲ್ಲಿ ಮಂದವಾಗಿ ಯಂತ್ರವೇ ಬಿಗಿದುಕೊಳ್ಳುತ್ತದೆ. ಏಕ್ಲಿಗೆ ಎಣ್ಣೆಯ ಬದಲು ಗ್ರಾಫೈಟ್ ಪುಡಿ ಸಾಕಾಗುತ್ತಿತ್ತು. ಎರಡನೆಯದು ಅದರ ಮುಕ್ಕಾಲಿಯ ತಲೆ. ಅದರೊಳಗಿನ ಗೈರೊ ವ್ಯವಸ್ಥೆಯಿಂದಾಗಿ ಕ್ಯಾಮೆರಾವನ್ನು ಅಕ್ಕಪಕ್ಕಕ್ಕೂ ಮೇಲೆ ಕೆಳಕ್ಕೂ ಒಂದೇ ಕೈಚಲನೆಯಲ್ಲಿ ನಯವಾಗಿ ತಿರುಗಿಸಬಹುದಿತ್ತು. ಓಡುವ ನಾಯಿಬಂಡಿಯನ್ನಾಗಲಿ, ತೆವಳುವ ಬೇಟೆಗಾರನನ್ನಾಗಲಿ ಚೌಕಟ್ಟಿನಿಂದ ಜಾರದಂತೆ ಹಿಂಬಾಲಿಸಲು ಇದು ಅತ್ಯಗತ್ಯ. ನಿಂತಲ್ಲೇ ನಿಂತು ನೋಡುತ್ತಿದ್ದ ಅಂದಿನ ಕ್ಯಾಮೆರಾಗಳ ನಡುವೆ ಫ್ಲಾಹರ್ಟಿ ಅವರ ಕ್ಯಾಮೆರಾ ವಿಷಯದ ಜೊತೆಯಲ್ಲೇ ಚಲಿಸಿತು.

ತುಂಗೆಯ ತೀರದ ನೆಮ್ಮಾರು, ಶೃಂಗೇರಿಗಳಂತಹ ಮಲೆನಾಡಿನ ಊರುಗಳಲ್ಲಿ ಮಳೆಗಾಲದ ತೇವದಿಂದ ಲೆನ್ಸಿಗೆ ಬೂಷ್ಟು ಹಿಡಿಯುವುದು ಛಾಯಾಗ್ರಾಹಕರ ದೊಡ್ಡ ತಲೆನೋವು. ಧ್ರುವ ಪ್ರದೇಶದ ಸಂಕಷ್ಟ ಇದಕ್ಕೆ ತದ್ವಿರುದ್ಧ. ಅಲ್ಲಿ ಗಾಳಿ ಶುಷ್ಕ. ತೇವಾಂಶ ಕಳೆದುಕೊಂಡ ಫಿಲಂ ಬಿರುಸಾಗಿ, ಗಾಜಿನ ಹಾಳೆಯಂತೆ ಮುರಿಯುತ್ತದೆ. ಕರಡಿ ಬೇಟೆಯ ಯಾತ್ರೆಯಲ್ಲಿ ಫ್ಲಾಹರ್ಟಿ ಅವರಿಗೆ ಇದೇ ಅನುಭವವಾಯಿತು. ಹಿಡಿ ತಿರುಗಿಸುತ್ತಿದ್ದಂತೆಯೇ ಫಿಲಂ ಚೂರುಚೂರಾಯಿತು. ಕ್ಯಾಮೆರಾ ಮತ್ತು ಫಿಲಂ ಡಬ್ಬಗಳನ್ನು ಹಿಮಮನೆಯೊಳಗೆ ಇರಿಸಿ, ಬೆಚ್ಚಗಾದ ಮೇಲೆಯೇ ಮತ್ತೆ ಬಳಸಬೇಕಾಯಿತು. ಒಳಗೆ ತಂದಾಕ್ಷಣ ಇನ್ನೊಂದು ಕಾಟ. ತಣ್ಣಗಿನ ಲೆನ್ಸಿನ ಮೇಲೆ ಮನುಷ್ಯರ ಉಸಿರು ಮಂಜಾಗಿ ಕೂರುತ್ತದೆ. ಹೊರಗೆ ಒಯ್ದರೆ ಅದೇ ಮಂಜು ಗಡ್ಡೆಯಾಗುತ್ತದೆ.

ಬೆಳಕಿನದ್ದೂ ಸಮಸ್ಯೆಯೇ. ಅಂದಿನ ಆರ್ಥೋಕ್ರೊಮ್ಯಾಟಿಕ್ ಫಿಲಂ ನೀಲಿ ಬೆಳಕಿಗೆ ಬೇಗ ಸ್ಪಂದಿಸುತ್ತಿತ್ತು; ಕೆಂಪನ್ನು ಕಾಣುತ್ತಲೇ ಇರಲಿಲ್ಲ. ಬಿಳಿಯ ಹಿಮ ಇನ್ನಷ್ಟು ಬೆಳಗಿ, ಗಾಳಿಗೆ ಕಂದಿದ ಮುಖಗಳು ಕಪ್ಪಾಗಿ ಮೂಡುವ ಅಪಾಯವಿತ್ತು. ಚಳಿಗಾಲದ ಹಗಲು ಕೆಲವೇ ಗಂಟೆಗಳದ್ದು. ದಿಗಂತದ ಬಳಿಯೇ ಸುಳಿಯುವ ಸೂರ್ಯನ ಓರೆ ಕಿರಣಗಳಲ್ಲಿ ಹಿಮದ ಅಲೆಗಳ ನೆರಳು ಉದ್ದಕ್ಕೆ ಚಾಚುತ್ತದೆ. ಚಿತ್ರದ ಅನೇಕ ಹೊರಾಂಗಣ ದೃಶ್ಯಗಳ ಸೊಬಗು ಆ ನೆರಳುಗಳದ್ದೇ.

ಫ್ಲಾಹರ್ಟಿ ತೆಗೆದ ಫಿಲಂ ಅನ್ನು ಊರಿಗೆ ಕಳುಹಿಸಿ ಕಾಯಲಿಲ್ಲ, ಅಲ್ಲೇ ಸಂಸ್ಕರಿಸಿದರು. ದಪ್ಪನೆಯ ಮಂಜುಗಡ್ಡೆಯನ್ನು ಕೊರೆದು, ಪೀಪಾಯಿಗಳಲ್ಲಿ ನೀರು ತುಂಬಿ, ಬಂಡಿಯಲ್ಲಿ ಗುಡಿಸಲಿಗೆ ಸಾಗಿಸಬೇಕಿತ್ತು. ನೀರಿನಲ್ಲಿ ತೇಲುವ ಜಿಂಕೆಗೂದಲನ್ನು ಸೋಸಬೇಕಿತ್ತು. ಎಲ್ಲರೂ ತೊಟ್ಟದ್ದು ಚರ್ಮದ ಉಡುಪಾದ್ದರಿಂದ ಕೂದಲು ಉದುರುವುದು ತಪ್ಪುತ್ತಿರಲಿಲ್ಲ. ಒಣಗಿಸಲು ಕಲ್ಲಿದ್ದಲು ಸಾಲದಾದಾಗ ಸಮುದ್ರ ತೀರಕ್ಕೆ ತೇಲಿಬಂದ ಮರದ ತುಂಡುಗಳೇ ಗತಿ. ಪ್ರತಿ ಮುದ್ರಿಸಲು ತಂದ ವಿದ್ಯುತ್ ದೀಪದ ಬೆಳಕು ಸ್ಥಿರವಾಗಿ ನಿಲ್ಲದಿದ್ದಾಗ, ಗುಡಿಸಲಿನ ಕಿಟಕಿಯನ್ನು ಮುಚ್ಚಿ, ಫಿಲಂ ಚೌಕಟ್ಟಿನಷ್ಟೇ ಕಿಂಡಿ ಬಿಟ್ಟು, ಹಗಲು ಬೆಳಕಿನಲ್ಲೇ ಮುದ್ರಿಸಿದರು. ಬೆಳಕು ಹೆಚ್ಚಾದರೆ ಕಿಂಡಿಗೆ ತೆಳುಬಟ್ಟೆಯ ಪದರವೊಂದನ್ನು ಸೇರಿಸುವುದು, ಕಡಿಮೆಯಾದರೆ ತೆಗೆಯುವುದು!

ಈ ಶ್ರಮಕ್ಕೆ ದೊಡ್ಡ ಫಲವೂ ಸಿಕ್ಕಿತು. ತೆಗೆದ ದೃಶ್ಯಗಳನ್ನು ಅಲ್ಲಿನ ಜನರಿಗೇ ತೋರಿಸಲಾಯಿತು. ಪರದೆಯ ಮೇಲೆ ವಾಲ್ರಸ್ ಕಂಡಾಗ ಗುಡಿಸಲು ತುಂಬಾ ಕೋಲಾಹಲ. ಚಿತ್ರವೆಂದರೇನು ಎಂಬುದು ಅರಿವಾದ ಮೇಲೆ ಅವರು ಕೇವಲ ನಟರಾಗಿ ಉಳಿಯಲಿಲ್ಲ. ಕ್ಯಾಮೆರಾ ಬಿಚ್ಚಿ ಶುಚಿಗೊಳಿಸುವುದನ್ನು, ಫಿಲಂ ತೊಳೆಯುವುದನ್ನು ಕಲಿತರು. ಮುಂದೆ ಯಾವ ಬೇಟೆಯನ್ನು ಚಿತ್ರಿಸಬೇಕೆಂದು ತಾವೇ ಸೂಚಿಸತೊಡಗಿದರು. ಚಿತ್ರರಂಗದಲ್ಲಿ ಫ್ಲಾಹರ್ಟಿ ಒಬ್ಬರದ್ದೇ ಎಂದು ದಾಖಲಾದ ಸಾಧನೆಯಲ್ಲಿ ಈ ಕೈಗಳ ಪಾಲು ಸಣ್ಣದಲ್ಲ.

ಮರೆಯಲ್ಲಿ ನಿಂತ ಸತ್ಯ

'ನಾನೂಕ್ ಆಫ್ ದಿ ನಾರ್ತ್' 1922ರ ಜೂನ್ 11ರಂದು ನ್ಯೂಯಾರ್ಕಿನ ಕ್ಯಾಪಿಟಲ್ ಚಿತ್ರಮಂದಿರದಲ್ಲಿ ತೆರೆಕಂಡಿತು. ವಿತರಕರು ಮೊದಲು ಮೂಗು ಮುರಿದಿದ್ದರೂ, ಪಾಥೆ ಸಂಸ್ಥೆ ಕೈಹಿಡಿದ ನಂತರ ಅದು ಯೂರೋಪಿನಲ್ಲೂ ಜಯಭೇರಿ ಬಾರಿಸಿತು. ನಗುಮೊಗದ ನಾನೂಕ್ ಮನೆಮಾತಾದ.

ಆದರೆ ನಾನೂಕ್ ಎಂಬುದು ಆ ವ್ಯಕ್ತಿಯ ಹೆಸರೇ ಅಲ್ಲ. ಇನುಯಿಟ್ ಭಾಷೆಯಲ್ಲಿ ಬಿಳಿಕರಡಿ ಎಂಬ ಅರ್ಥದ ಪದವದು. ಆತನ ನಿಜನಾಮ ಅಲ್ಲಕರಿಯಾಲ್ಲಕ್. ತೆರೆಯ ಮೇಲಿನ ಕುಟುಂಬವೂ ಆತನ ನಿಜವಾದ ಕುಟುಂಬವಾಗಿರಲಿಲ್ಲ. ಫ್ಲಾಹರ್ಟಿ ಆಯ್ದು ಕೂಡಿಸಿದ್ದು. 1920ರ ವೇಳೆಗೆ ಅಲ್ಲಿನವರು ಬಂದೂಕು ಬಳಸುತ್ತಿದ್ದರು. ಚಿತ್ರಕ್ಕಾಗಿ ಅವರ ಕೈಗೆ ಈಟಿ ಬಂದಿತು. ವಾಲ್ರಸ್ ಬೇಟೆಯ ವೇಳೆ ಗಾಯಗೊಂಡ ಪ್ರಾಣಿ ಬೇಟೆಗಾರರನ್ನೇ ನೀರಿನೆಡೆಗೆ ಸೆಳೆಯುತ್ತಿದ್ದಾಗ ಅವರು ಬಂದೂಕು ತರುವಂತೆ ಕೂಗಿದರೂ, ಕೇಳಿಸದವರಂತೆ ಫ್ಲಾಹರ್ಟಿ ಕ್ಯಾಮೆರಾದ ಹಿಡಿ ತಿರುಗಿಸುತ್ತಲೇ ಇದ್ದರು. ಸೀಲ್ ಪ್ರಾಣಿಯೊಡನೆ ಹಗ್ಗಜಗ್ಗಾಟದ ದೃಶ್ಯದಲ್ಲಿ ಹಗ್ಗದ ಇನ್ನೊಂದು ತುದಿಯನ್ನು ಚೌಕಟ್ಟಿನ ಹೊರಗಿದ್ದ ಮನುಷ್ಯರೇ ಎಳೆಯುತ್ತಿದ್ದರು. ಗ್ರಾಮೊಫೋನ್ ಕಂಡು ಬೆರಗಾಗಿ ತಟ್ಟೆಯನ್ನು ಕಚ್ಚಿ ನೋಡುವ ದೃಶ್ಯವೂ ಅಭಿನಯವೇ.

ಹಿಮಮನೆಯ ಕಥೆ ಇನ್ನೂ ಸ್ವಾರಸ್ಯಕರ. ಸಾಮಾನ್ಯ ಹಿಮಮನೆಯಲ್ಲಿ ಕ್ಯಾಮೆರಾ ಇಡಲು ಸ್ಥಳವಿಲ್ಲ. ದುಪ್ಪಟ್ಟು ಅಳತೆಯ ಮನೆ ಕಟ್ಟಲು ಹೋದರೆ ಅದರ ಗುಮ್ಮಟ ಮತ್ತೆಮತ್ತೆ ಕುಸಿಯಿತು. ಕೊನೆಗೆ ನಿಂತಾಗ ಒಳಗೆ ಬೆಳಕು ಸಾಲಲಿಲ್ಲ. ಅರ್ಧ ಗೋಡೆಯನ್ನೇ ಕತ್ತರಿಸಿ ತೆಗೆದರು. ಬೆಚ್ಚಗಿನ ಮನೆಯಲ್ಲಿ ಮಲಗೇಳುವಂತೆ ಕಾಣುವ ಕುಟುಂಬ ವಾಸ್ತವವಾಗಿ ಬಯಲ ಚಳಿಯಲ್ಲಿ ಬಟ್ಟೆ ಕಳಚಿ ಮಲಗಿತ್ತು.

ಇದನ್ನು ವಂಚನೆ ಎನ್ನುವವರಿದ್ದಾರೆ. ಅಂದು ಸಾಕ್ಷ್ಯಚಿತ್ರ ಎಂಬ ಪ್ರಕಾರವೇ ಇರಲಿಲ್ಲ, ಆದ್ದರಿಂದ ಅದರ ನಿಯಮಗಳೂ ಇರಲಿಲ್ಲ ಎಂದು ಸಮರ್ಥಿಸುವವರೂ ಇದ್ದಾರೆ. ಕಣ್ಮರೆಯಾಗುತ್ತಿದ್ದ ಬದುಕಿನ ಕ್ರಮವನ್ನು, ಅದನ್ನು ಬಲ್ಲ ಹಿರಿಯರು ಬದುಕಿರುವಾಗಲೇ ದಾಖಲಿಸಬೇಕೆಂಬುದು ಫ್ಲಾಹರ್ಟಿ ಅವರ ಉದ್ದೇಶವಾಗಿತ್ತು. ಈಟಿಯ ಬೇಟೆ ಸುಳ್ಳಲ್ಲ. ಅದು ಹಿಂದಿನ ತಲೆಮಾರಿನ ಸತ್ಯ. ಆದರೆ ಅದನ್ನು ಇಂದಿನ ಸತ್ಯವೆಂದು ತೋರಿಸಿದ್ದರಿಂದ, ಕಾಲದೊಡನೆ ಹೆಜ್ಜೆ ಹಾಕುತ್ತಿದ್ದ ಜನಾಂಗವೊಂದು ಜಗತ್ತಿನ ಕಣ್ಣಿನಲ್ಲಿ ಕಾಲವೇ ನಿಂತುಹೋದ ಮುಗ್ಧರ ಗುಂಪಾಗಿ ಉಳಿಯಿತು. 1990ರಲ್ಲಿ ಫ್ರಾನ್ಸಿನ ನಿರ್ದೇಶಕ ಕ್ಲೋಡ್ ಮಸ್ಸೊ ಇನುಕ್ಜುವಾಕ್‌ಗೆ ತೆರಳಿ ಅಲ್ಲಿಯವರಿಗೆ ಈ ಚಿತ್ರವನ್ನು ತೋರಿಸಿ ಸಾಕ್ಷ್ಯಚಿತ್ರವೊಂದನ್ನು ಮಾಡಿದರು. ಜಗತ್ತು ಉಸಿರು ಬಿಗಿಹಿಡಿದು ನೋಡಿದ ಸೀಲ್ ಬೇಟೆಯನ್ನು ಕಂಡು ಆ ಊರಿನ ಜನ ನಕ್ಕರು.

ಚಿತ್ರ ತೆರೆಕಂಡು ಎರಡು ವರ್ಷ ಕಳೆಯುವಷ್ಟರಲ್ಲಿ ಅಲ್ಲಕರಿಯಾಲ್ಲಕ್ ತೀರಿಕೊಂಡರು. ಬೇಟೆಗೆ ಹೋಗಿ ಹಸಿವಿನಿಂದ ಸತ್ತರೆಂದು ಪ್ರಚಾರವಾಯಿತು. ಕ್ಷಯರೋಗವೇ ಕಾರಣವಿರಬೇಕು ಎಂಬುದು ಇಂದಿನ ಸಂಶೋಧಕರ ಅಭಿಪ್ರಾಯ. ಲಕ್ಷಾಂತರ ಜನ ಹಣ ಕೊಟ್ಟು ಆತನ ನಗುವನ್ನು ನೋಡುತ್ತಿದ್ದ ಕಾಲದಲ್ಲಿ ಆತನ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಮತ್ತೊಂದು ಎಳೆಯೂ ಇದೆ. ಫ್ಲಾಹರ್ಟಿ 1921ರಲ್ಲಿ ಊರಿಗೆ ಮರಳಿದ ಕೆಲವೇ ತಿಂಗಳಲ್ಲಿ ಅಲ್ಲಿ ಅವರ ಮಗನೊಬ್ಬ ಜನಿಸಿದ. ಚಿತ್ರದಲ್ಲಿ ನಟಿಸಿದ್ದ ಮ್ಯಾಗಿ ಎಂಬ ಇನುಯಿಟ್ ಮಹಿಳೆ ತಾಯಿ. ಜೋಸೆಫಿ ಎಂದು ಹೆಸರಾದ ಆ ಮಗನನ್ನು ಫ್ಲಾಹರ್ಟಿ ಎಂದೂ ತಮ್ಮವನೆಂದು ಒಪ್ಪಿಕೊಳ್ಳಲಿಲ್ಲ. ಕೆನಡಾ ಸರ್ಕಾರ 1953 ಮತ್ತು 1955ರಲ್ಲಿ ಇನುಕ್ಜುವಾಕ್‌ನ ಹಲವು ಕುಟುಂಬಗಳನ್ನು ಸುಮಾರು 2,000 ಕಿಲೋಮೀಟರ್ ಉತ್ತರಕ್ಕೆ, ತಿಂಗಳುಗಟ್ಟಲೆ ಸೂರ್ಯನೇ ಕಾಣದ ಪ್ರದೇಶಕ್ಕೆ ಸಾಗಿಸಿತು. ಜೋಸೆಫಿಯ ಕುಟುಂಬವೂ ಅವುಗಳಲ್ಲೊಂದು. ಬಾಲ್ಯದಲ್ಲಿ ಆ ಸಂಕಷ್ಟ ಉಂಡ ಮೊಮ್ಮಗಳು ಮಾರ್ಥಾ ಫ್ಲಾಹರ್ಟಿ ಮುಂದೆ ಇನುಯಿಟ್ ಮಹಿಳೆಯರ ನಾಯಕಿಯಾಗಿ ನ್ಯಾಯಕ್ಕಾಗಿ ದನಿಯೆತ್ತಿದರು. 2010ರಲ್ಲಿ ಸರ್ಕಾರ ಕ್ಷಮೆ ಯಾಚಿಸಿತು. ಹಿಮದ ಬದುಕನ್ನು ಜಗತ್ತಿಗೆ ಕಾವ್ಯವಾಗಿ ತೋರಿಸಿದವರ ಸ್ವಂತ ರಕ್ತಕ್ಕೆ ಆ ಹಿಮ ಕಾವ್ಯವಾಗಿರಲಿಲ್ಲ.

ಮೈಸೂರಿನ ಮಳೆ, ಕಾಕನಕೋಟೆಯ ಆನೆ

ಮುಂದೆ ಫ್ಲಾಹರ್ಟಿ ಸಮೋವಾ ದ್ವೀಪಕ್ಕೆ ತೆರಳಿ ಮಾಡಿದ 'ಮೋನಾ' 1926ರಲ್ಲಿ ತೆರೆಕಂಡಿತು. ಅದರ ವಿಮರ್ಶೆಯಲ್ಲಿ ಜಾನ್ ಗ್ರಿಯರ್ಸನ್ ಬಳಸಿದ ಡಾಕ್ಯುಮೆಂಟರಿ ಎಂಬ ಪದ ಒಂದು ಪ್ರಕಾರದ ಹೆಸರಾಗಿ ನೆಲೆನಿಂತಿತು. ಐರ್ಲೆಂಡ್ ಕರಾವಳಿಯ 'ಮ್ಯಾನ್ ಆಫ್ ಆರನ್' 1934ರಲ್ಲಿ ವೆನಿಸ್‌ನಲ್ಲಿ ಪ್ರಶಸ್ತಿ ಗೆದ್ದಿತು. ಆರನ್ ದ್ವೀಪದವರು ಮರೆತೇಬಿಟ್ಟಿದ್ದ ಶಾರ್ಕ್ ಬೇಟೆಯನ್ನು ಅವರಿಗೆ ಹೊಸದಾಗಿ ಕಲಿಸಿ ಚಿತ್ರಿಸಿದ್ದರು. ಹಿಮದ ನಾಡಿನಲ್ಲಿ ರೂಢಿಸಿಕೊಂಡ ವಿಧಾನ ಎಲ್ಲೆಡೆಯೂ ಮುಂದುವರಿಯಿತು.

ಅದೇ ವಿಧಾನದೊಂದಿಗೆ, ಕಿಪ್ಲಿಂಗ್ ಬರೆದ ಆನೆಗಳ ಕಥೆಯೊಂದನ್ನು ತೆರೆಗೆ ತರಲು ಅವರು 1935ರಲ್ಲಿ ಭಾರತಕ್ಕೆ ಬಂದರು. ನಿರ್ಮಾಪಕರು ಲಂಡನ್ನಿನ ಅಲೆಕ್ಸಾಂಡರ್ ಕೊರ್ಡಾ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಮೈಸೂರು ಸಂಸ್ಥಾನ ಉದಾರವಾಗಿ ನೆರವು ನೀಡಿತು. ಚಿತ್ತರಂಜನ್ ಮಹಲನ್ನು ಚಿತ್ರತಂಡದ ಬೀಡಿಗೆ ಬಿಟ್ಟುಕೊಡಲಾಯಿತು. ಮುಂದೆ ಇದೇ ಆವರಣ ಪ್ರೀಮಿಯರ್ ಸ್ಟುಡಿಯೊ ಆಗಿ ಕನ್ನಡ ಚಿತ್ರರಂಗದ ನೆನಪಿನಲ್ಲಿ ಉಳಿಯಿತು ಎಂಬುದು ಗಮನಾರ್ಹ. ಪತ್ನಿ ಫ್ರಾನ್ಸಿಸ್ ಇಲ್ಲಿಂದ ಬರೆದ ಪತ್ರಗಳು 1937ರಲ್ಲಿ 'ಎಲಿಫೆಂಟ್ ಡ್ಯಾನ್ಸ್' ಎಂಬ ಪುಸ್ತಕವಾಗಿ ಪ್ರಕಟವಾದವು.

ಕಥಾನಾಯಕನಾಗಿ ಮಾವುತನ ಮಗನೇ ಬೇಕಿತ್ತು. ಅರಮನೆಯ ಆನೆಲಾಯದಲ್ಲಿ ಕಾರಾಪುರದ ಸಾಬು ಕಣ್ಣಿಗೆ ಬಿದ್ದ. ಹುಟ್ಟಿದ್ದು 1924ರಲ್ಲಿ, ತಂದೆ ತಾಯಿ ಇಬ್ಬರೂ ಇಲ್ಲ. ಭಾರಿ ಆನೆ ಐರಾವತದ ಮೇಲೆ ಲೀಲಾಜಾಲವಾಗಿ ಕೂರುತ್ತಿದ್ದ ಆ ಬಾಲಕನ ಕಣ್ಣುಗಳಲ್ಲಿ ಫ್ಲಾಹರ್ಟಿ ತಮ್ಮ ನಾಯಕನನ್ನು ಕಂಡರು.

ಛಾಯಾಗ್ರಾಹಕ ಓಸ್ಮಂಡ್ ಬೊರಡೇಲ್ ಜೊತೆಗಿದ್ದರು. ಕಾಡಾನೆಗಳನ್ನು ಹಿಡಿಯುವ ಖೆಡ್ಡಾ ಚಿತ್ರಣಕ್ಕೆ ಕಾಕನಕೋಟೆ, ಕಾರಾಪುರದ ಕಾಡು ರಂಗಭೂಮಿಯಾಯಿತು. ಅಲ್ಲಿ ಫಿಲಂ ಮುರಿಯುವ ಚಳಿ ಇರಲಿಲ್ಲ. ಕೆಲಸ ನಿಲ್ಲಿಸುವ ಮುಂಗಾರು ಇತ್ತು. ಉದ್ದೇಶವಿಲ್ಲದೆ ತಿಂಗಳುಗಟ್ಟಲೆ ಅಲೆದು, ಕಂಡದ್ದನ್ನೆಲ್ಲ ಚಿತ್ರಿಸಿ, ಕಥೆ ತಾನಾಗಿ ಹೊಮ್ಮುವವರೆಗೂ ಕಾಯುವ ಅವರ ಪದ್ಧತಿ ಸ್ಟುಡಿಯೊದ ಲೆಕ್ಕಾಚಾರಕ್ಕೆ ಹೊಂದಲಿಲ್ಲ. ಖರ್ಚು ಏರಿದಾಗ ಕೊರ್ಡಾ ತಮ್ಮ ಸಹೋದರ ಜೋಲ್ಟಾನ್ ಅವರಿಗೆ ಹೊಣೆ ವಹಿಸಿದರು. 1936ರಲ್ಲಿ ತಂಡವನ್ನು ಇಂಗ್ಲೆಂಡಿಗೆ ಕರೆಸಿಕೊಂಡು, ಉಳಿದ ಕಥಾಭಾಗವನ್ನು ಡೆನ್‌ಹ್ಯಾಂ ಸ್ಟುಡಿಯೊದಲ್ಲಿ ಚಿತ್ರಿಸಲಾಯಿತು. 1937ರಲ್ಲಿ ತೆರೆಕಂಡ ಚಿತ್ರದಲ್ಲಿ ಮೈಸೂರಿನ ನೈಜ ಕಾಡು ಒಂದೆಡೆ, ಲಂಡನ್ನಿನ ಕೃತಕ ಕಾಡು ಇನ್ನೊಂದೆಡೆ. ಫ್ಲಾಹರ್ಟಿ ಮತ್ತು ಜೋಲ್ಟಾನ್ ಕೊರ್ಡಾ ಅವರಿಗೆ ಜಂಟಿಯಾಗಿ ವೆನಿಸ್‌ನ ಶ್ರೇಷ್ಠ ನಿರ್ದೇಶನ ಪ್ರಶಸ್ತಿ ಬಂದರೂ, ಇದು ತಮ್ಮ ಚಿತ್ರವೆಂಬ ತೃಪ್ತಿ ಫ್ಲಾಹರ್ಟಿ ಅವರಿಗೆ ದೊರೆಯಲಿಲ್ಲ.

ಆದರೆ ಸಾಬುವಿನ ಬದುಕು ಬದಲಾಯಿತು. ಅಣ್ಣನೊಂದಿಗೆ ಇಂಗ್ಲೆಂಡಿಗೆ ತೆರಳಿದ ಆತ 'ದಿ ಥೀಫ್ ಆಫ್ ಬಾಗ್ದಾದ್' ಚಿತ್ರದ ಮೂಲಕ ಜಗದ್ವಿಖ್ಯಾತನಾಗಿ, ಹಾಲಿವುಡ್ ಸೇರಿ, ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಯ ಗನ್ನರ್ ಆಗಿ ಹೋರಾಡಿ, 1963ರಲ್ಲಿ ತನ್ನ 39ನೆಯ ವಯಸ್ಸಿನಲ್ಲಿ ನಿಧನನಾದ. ಹಿಮದ ನಾಡಿನ ನಾಯಕನಿಗೆ ಸ್ವಂತ ಹೆಸರೂ ದಕ್ಕಲಿಲ್ಲ. ಕಾಕನಕೋಟೆಯ ನಾಯಕನಿಗೆ ಹೆಸರೇ ಬದುಕಾಯಿತು. ಇಬ್ಬರನ್ನೂ ಆರಿಸಿದ ಕಣ್ಣು ಒಂದೇ. ಇನ್ನು ಖೆಡ್ಡಾ ಪದ್ಧತಿ 1971ರಲ್ಲಿ ಕೊನೆಗೊಂಡಿತು; ಆ ನೆಲದ ಬಹುಭಾಗ ಕಬಿನಿ ಜಲಾಶಯದಲ್ಲಿ ಮುಳುಗಿತು. ಫ್ಲಾಹರ್ಟಿ ತಂಡ ಚಿತ್ರಿಸಿದ ದೃಶ್ಯಗಳು ಇಂದು ಕನ್ನಡ ನಾಡಿನ ಪಾಲಿಗೆ ಅಪೂರ್ವ ದಾಖಲೆ.

ಹಗುರವಾದ ಕ್ಯಾಮೆರಾ, ಭಾರವಾದ ಪ್ರಶ್ನೆ

ಎರಡನೆಯ ಮಹಾಯುದ್ಧದ ಕಾಲಕ್ಕೆ ಫ್ಲಾಹರ್ಟಿ ಅಮೆರಿಕಕ್ಕೆ ಮರಳಿದರು. ಅಲ್ಲಿನ ಕೃಷಿ ಇಲಾಖೆಗಾಗಿ ಸವೆದ ಮಣ್ಣು, ಅಲೆಮಾರಿ ಕೂಲಿಗಳ ಬವಣೆ ಕುರಿತು ಮಾಡಿದ 'ದಿ ಲ್ಯಾಂಡ್' 1942ರಲ್ಲಿ ಸಿದ್ಧವಾದರೂ ವ್ಯಾಪಕ ಪ್ರದರ್ಶನ ಕಾಣಲಿಲ್ಲ. ಕೊನೆಯ ದೊಡ್ಡ ಕೃತಿ 1948ರ 'ಲೂಸಿಯಾನಾ ಸ್ಟೋರಿ'. ಅದಕ್ಕೆ ಹಣ ಹೂಡಿದ್ದು ತೈಲ ಕಂಪನಿ. ತುಪ್ಪುಳಿನ ವ್ಯಾಪಾರಿಯ ಹಣದಿಂದ ಆರಂಭವಾದ ಪಯಣ ತೈಲದ ಹಣದಲ್ಲಿ ಮುಗಿಯಿತು. 1951ರ ಜುಲೈ 23ರಂದು ವರ್ಮಾಂಟ್ ರಾಜ್ಯದ ಡಮ್ಮರ್‌ಸ್ಟನ್‌ನಲ್ಲಿ, 67ನೆಯ ವಯಸ್ಸಿನಲ್ಲಿ ಫ್ಲಾಹರ್ಟಿ ನಿಧನರಾದರು.

ಅದಾಗಿ ಎರಡು ವರ್ಷಕ್ಕೆ, 1953ರಲ್ಲಿ, ಟಾಮ್ ಸ್ಟೋಬಾರ್ಟ್ ಮತ್ತು ಜಾರ್ಜ್ ಲೋವ್ ಎವರೆಸ್ಟ್ ಆರೋಹಣವನ್ನು 16 ಮಿ.ಮೀ. ಬಣ್ಣದ ಫಿಲಂನಲ್ಲಿ ಸೆರೆಹಿಡಿದರು. ದೊಡ್ಡ ಕ್ಯಾಮೆರಾವನ್ನು ಆ ಎತ್ತರಕ್ಕೆ ಹೊರುವುದು ಅಸಾಧ್ಯವಾಗಿತ್ತು. ಕೈಯಲ್ಲಿ ಹಿಡಿಯಬಹುದಾದ ಪುಟ್ಟ ಯಂತ್ರವೇ ಅಲ್ಲಿ ಗೆದ್ದಿತು. ಮುಂದೆ 16 ಮತ್ತು 8 ಮಿ.ಮೀ. ಕ್ಯಾಮೆರಾಗಳು ಹಿಮಜಾರಾಟ, ಪರ್ವತಾರೋಹಣಗಳ ಸಂಗಾತಿಗಳಾದವು. ಎಣ್ಣೆ ಹೆಪ್ಪುಗಟ್ಟುವುದು, ಫಿಲಂ ಮುರಿಯುವುದು, ಲೆನ್ಸಿನ ಮೇಲೆ ಮಂಜು ಕೂರುವುದು - ಫ್ಲಾಹರ್ಟಿ ಎದುರಿಸಿದ ತೊಡಕುಗಳೆಲ್ಲ ಅವರನ್ನೂ ಕಾಡಿದವು. ಅಷ್ಟೇ ಏಕೆ, 'ನಾನೂಕ್' ಚಿತ್ರವೂ ದಶಕಗಳ ಕಾಲ ಶಾಲೆ ಮತ್ತು ಫಿಲಂ ಸೊಸೈಟಿಗಳನ್ನು ತಲುಪಿದ್ದು 16 ಮಿ.ಮೀ. ಪ್ರತಿಗಳ ಮೂಲಕವೇ.

ಪತಿಯ ಹೆಸರಿನಲ್ಲಿ ಫ್ರಾನ್ಸಿಸ್ 1955ರಲ್ಲಿ ವಿಚಾರಗೋಷ್ಠಿಯೊಂದನ್ನು ಆರಂಭಿಸಿದರು. 1958ರ ಗೋಷ್ಠಿಯಲ್ಲಿ ಸತ್ಯಜಿತ್ ರಾಯ್ ಪಾಲ್ಗೊಂಡಿದ್ದರು. ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ 1989ರಲ್ಲಿ ಮೊದಲು ಆಯ್ಕೆಯಾದ 25 ಚಿತ್ರಗಳಲ್ಲಿ 'ನಾನೂಕ್' ಕೂಡ ಒಂದು.

ಹಿಮದಲ್ಲಿ ಕ್ಯಾಮೆರಾ ನಡೆಸುವ ಕಷ್ಟಕ್ಕೆ ಫ್ಲಾಹರ್ಟಿ ಗ್ರಾಫೈಟ್, ಬಿಸಿಮಾಡಿದ ಫಿಲಂ, ಕಿಟಕಿಯ ಕಿಂಡಿಗಳಲ್ಲಿ ಉತ್ತರ ಕಂಡುಕೊಂಡರು. ಕ್ಯಾಮೆರಾದ ಎದುರು ನಿಂತವರಿಗೆ ಅದರ ಹಿಂದೆ ನಿಂತವರು ಏನು ಸಲ್ಲಿಸಬೇಕು ಎಂಬ ಪ್ರಶ್ನೆಗೆ ಅವರ ಬಳಿ ಉತ್ತರವಿರಲಿಲ್ಲ. ಅಲ್ಲಕರಿಯಾಲ್ಲಕ್ ಎಂಬ ಹೆಸರನ್ನು ಇಂದು ಚಲನಚಿತ್ರ ವಿದ್ಯಾರ್ಥಿಗಳು ಫ್ಲಾಹರ್ಟಿ ಹೆಸರಿನೊಂದಿಗೇ ಕಲಿಯುತ್ತಾರೆ. ತಡವಾಗಿಯಾದರೂ ಸಂದಾಯವಾದ ಸಾಲವದು.